ಕತ್ತಿ ಕೊಟ್ಟರೂ ಹೊಡೆಯದ ಜನ

ಗೇಮ್ ಸೆಂಟರ್ ಇಟ್ಟುಕೊಂಡವಳಿಗೆ ತಮಾಷೆ ಹುಡುಕಿಕೊಂಡು ಹೋಗುವ ಕಷ್ಟವಿಲ್ಲ; ಬೆಳಗ್ಗೆ ಬಾಗಿಲು ತೆಗೆದರೆ ಸಾಕು, ಚಪ್ಪಲಿ ಬಿಟ್ಟು ಅದೇ ಒಳಗೆ ಬಂದು ಕೂರುತ್ತದೆ. ಬಂಗಾರಪೇಟೆ ಸ್ಟೇಷನ್ ಹತ್ತಿರದ ನನ್ನ ಈ ರೂಮು ಮೊದಲು ಟೈಪಿಂಗ್ ಕ್ಲಾಸಾಗಿತ್ತು. ಆಮೇಲೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯಾಯಿತು. ಅರ್ಜಿಗಳನ್ನೆಲ್ಲ ಜನ ತಮ್ಮ ತಮ್ಮ ಫೋನಿನಲ್ಲೇ ಹಾಕಲು ಕಲಿತ ಮೇಲೆ ಕಂಪ್ಯೂಟರುಗಳು ನನ್ನ ಮುಖ, ನಾನು ಕಂಪ್ಯೂಟರುಗಳ ಮುಖ ನೋಡಿಕೊಂಡು ಕೂತಿದ್ದೆವು. ಕೊನೆಗೆ ಗೇಮ್ ಹಾಕಿದೆ.

ಆ ಗೇಮ್ ಒಂದು ದೊಡ್ಡ ನಾಡು. ಎಲ್ಲೆಲ್ಲಿಂದಲೋ ಜನ ಒಂದೇ ಹೊತ್ತಿಗೆ ಬಂದು ಆಡುತ್ತಾರೆ. ಫೋನಲ್ಲೂ ಆಡಬಹುದು, ಕಂಪ್ಯೂಟರಲ್ಲೂ ಆಡಬಹುದು, ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಲೂಬಹುದು. ಅಲ್ಲಿ ಕಾಡಿದೆ, ಸಂತೆಯಿದೆ, ಗಣಿಯಿದೆ, ಕೋಟೆಯಿದೆ. ಕೋಟೆಯೊಳಗೆ ಇರುವ ತನಕ ಕ್ಷೇಮ. ಹೊರಗೆ ಕಾಲಿಟ್ಟರೆ ಯಾರು ಯಾರನ್ನು ಬೇಕಾದರೂ ಹೊಡೆದುಹಾಕಿ ಚೀಲ ಕಿತ್ತುಕೊಳ್ಳಬಹುದು. ಮಜವೆಲ್ಲ ಆ ಹೊಡೆದಾಟದಲ್ಲೇ ಇದೆ ಅಂತ ಗೇಮ್ ಮಾಡಿದವರ ನಂಬಿಕೆ. ಪಾಪ, ಅವರು ನಮ್ಮ ಕಡೆಯ ಜನರನ್ನು ನೋಡಿಲ್ಲ.

ಮಹಡಿಯ ಮೇಲೆ ಮನೆ ಮಾಲೀಕರು ಮತ್ತು ಅವರ ಹೆಂಡತಿ ಇದ್ದಾರೆ. ಮಾಲೀಕರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಒಂದು ದಿನ ದಡದಡ ಇಳಿದು ಬಂದರು.

"ಏನಮ್ಮಾ ಇದು? ಕೆಳಗಿಂದ ಒಂದೇ ಸಮ 'ಸತ್ತೆ ಸತ್ತೆ, ಬಂದ ಬಂದ' ಅಂತ ಕೂಗು. ಇದೇನು ಮನೆಯೋ, ಕಸಾಯಿಖಾನೆಯೋ? ದೀಪಾವಳಿ ಹೊತ್ತಿಗೆ ರೂಮು ಖಾಲಿ ಮಾಡಿಬಿಡು."

"ಸಾರ್, ಅದು ಹೊಡೆಯೋರ ಕೂಗಲ್ಲ, ಓಡೋರ ಕೂಗು. ನಮ್ಮಲ್ಲಿ ಯಾರೂ ಯಾರನ್ನೂ ಹೊಡೆಯೋದೇ ಇಲ್ಲ."

"ಕತ್ತಿ ಕೈಯಲ್ಲಿದ್ದು ಹೊಡೀದೇ ಇರೋ ಮನುಷ್ಯ ಎಲ್ಲಿದಾನಮ್ಮಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹಬ್ಬಕ್ಕೆ ಮುಂಚಿನ ಭಾನುವಾರ ಪಂದ್ಯ ಇಟ್ಟಿದೀನಿ. ನೀವೇ ಬಂದು ಕೂತು ನೋಡಿ. ಒಬ್ಬರು ಇನ್ನೊಬ್ಬರ ಮೇಲೆ ಕೈ ಎತ್ತಿದ್ರೂ ಆವತ್ತೇ ಬೀಗ ಹಾಕಿ. ಎತ್ತದಿದ್ರೆ ರೂಮಿನ ಮಾತು ಎತ್ತಬಾರದು" ಅಂದುಬಿಟ್ಟೆ.

"ಆಗ್ಲಿ. ಆದ್ರೆ ಈ ವಿಷಯ ಆಡೋರಿಗೆ ಹೇಳಕೂಡದು" ಅಂದರು.

ಅವರು ಮೆಟ್ಟಿಲು ಹತ್ತಿದ ಮೇಲೆ ಆಡಿದ ಮಾತಿನ ಭಾರ ತಿಳಿಯಿತು. ಈ ರೂಮು ಹೋದರೆ ಸ್ಟೇಷನ್ ಹತ್ತಿರ ಇನ್ನೊಂದು ಸಿಗುವುದಿಲ್ಲ, ನನಗೆ ಬೇರೆ ಕಸುಬೂ ಗೊತ್ತಿಲ್ಲ. ಅಷ್ಟು ದೊಡ್ಡ ಮಾತು ಯಾವ ಧೈರ್ಯದ ಮೇಲೆ ಆಡಿದೆ ಅಂದರೆ, ನಾನು ಕಣ್ಣಾರೆ ಕಂಡ ಇಂಥ ಕೆಲವು ಸಂಗತಿಗಳ ಮೇಲೆ.

ಎಲ್ಲರೂ ಮುಳಬಾಗಿಲಿನವರೇ

ಬೂದಿಕೋಟೆ ಕಡೆಯ ಹಾಲಿನವನೊಬ್ಬ ಬೆಳಗಿನ ಬಸ್ಸಿಗೆ ಕ್ಯಾನ್ ತಂದು ಪೇಟೆಯ ಹೋಟೆಲುಗಳಿಗೆ ಹಾಲು ಹಾಕುತ್ತಾನೆ. ವಾಪಸ್ ಬಸ್ಸು ಬರುವ ತನಕ ನನ್ನಲ್ಲಿ ಕೂತು ಆಡುತ್ತಾನೆ. ಎಮ್ಮೆಗೆ ಬೈಯುವಾಗ ಅವನ ಗಂಟಲು ಕೇಳಬೇಕು. ಇವನು ಗೇಮಿನಲ್ಲಿ ಹುಲಿಯಾಗುತ್ತಾನೆ ಅಂತ ನಾನು ಎಣಿಸಿದ್ದೆ.

ಮೊದಲ ದಿನವೇ ಕಾಡಿನಲ್ಲಿ ಕೊಡಲಿ ಹಿಡಿದವನೊಬ್ಬ ಎದುರಾದ. ನಮ್ಮವನ ಕೈಯಲ್ಲಿ ಉದ್ದನೆಯ ಕತ್ತಿ ಇತ್ತು. ಎತ್ತಿದ್ದರೆ ಮುಗಿಯುತ್ತಿತ್ತು. ಅವನು ಎತ್ತಲಿಲ್ಲ, ಮೈಕಿನಲ್ಲಿ ಕೇಳಿದ: "ಯಾವೂರಪ್ಪಾ ನಿಂದು?"

"ಮಾದಿ ಮುಳಬಾಗಿಲು ಅನ್ನಾ" ಅಂತ ಆ ಕಡೆಯಿಂದ ತೆಲುಗಿನಲ್ಲಿ ಉತ್ತರ ಬಂತು.

ನಮ್ಮವನು ಕತ್ತಿ ಕೆಳಗಿಳಿಸಿದ.

"ಹೊಡಿಯೋ! ಅವನು ಕೊಡಲಿ ಎತ್ತಿದಾನೆ!" ಅಂತ ನಾನು ಕಿರುಚಿದೆ.

"ಎಂಗ್ ಒಡೀಲಿ ಅಕ್ಕಾ? ನಮ್ ತಂಗೀನ ಕೊಟ್ಟಿರೋದು ಮುಳ್ಬಾಗ್ಲಿಗೆ. ಆ ಊರೋನ್ ಮ್ಯಾಲೆ ಕೈ ಎತ್ತಿದ್ರೆ ನಾಳೆ ಅವಳು ಆ ಊರಲ್ಲಿ ಎಂಗೆ ತಲೆ ಎತ್ಕಂಡು ತಿರುಗ್ತಾಳೆ?"

ಅಷ್ಟರಲ್ಲಿ ಕೊಡಲಿ ಬಿತ್ತು. ನಮ್ಮವನು ಸತ್ತ, ಚೀಲವೂ ಹೋಯಿತು. ನಾನು ಹಣೆ ಚಚ್ಚಿಕೊಂಡೆ. ಅವನು ಆರಾಮಾಗಿ, "ಓಗ್ಲಿ ಬಿಡಕ್ಕ, ನೆಂಟರ ಊರಿಗೇ ತಾನೆ ಓಗಿದ್ದು" ಅಂದ.

ಈ ಸುದ್ದಿ ಆ ನಾಡಿನ ತುಂಬ ಹರಡಿತು. ಆಮೇಲೆ ಅವನಿಗೆ ಸಿಕ್ಕ ಪ್ರತಿಯೊಬ್ಬನೂ ಮುಳಬಾಗಿಲಿನವನೇ. ಹಿಂದಿ ಮಾತಾಡುವವನು ಮುಳಬಾಗಿಲು, ಬಂಗಾಳಿ ಮಾತಾಡುವವನೂ ಮುಳಬಾಗಿಲು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಇವರೆಲ್ಲ ಸುಳ್ಳು ಹೇಳ್ತಿದಾರೆ ಅಂತ ನಿನಗೆ ಗೊತ್ತಾಗಲ್ವೇನೋ?"

"ಗೊತ್ತಕ್ಕಾ. ಆದ್ರೆ ಅವ್ರಲ್ಲಿ ಒಬ್ಬ ನಿಜ ಏಳ್ತಿದ್ರೆ ಏನ್ಮಾಡ್ಲಿ?"

ಒಬ್ಬನಿಗಾಗಿ ಊರಿಗೆ ಊರನ್ನೇ ಕ್ಷಮಿಸುವ ಮನುಷ್ಯನ ಮುಂದೆ ಮಾತಾಡಲು ಏನಿರುತ್ತದೆ? ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಅವನ ಲೆಕ್ಕದ ಜನವೆಲ್ಲ ನಿಜವಾಗಿ ಮುಳಬಾಗಿಲಿನಲ್ಲಿ ಇದ್ದಿದ್ದರೆ, ಇವತ್ತು ನಾವು ಬೆಂಗಳೂರಿಗೆ ರೈಲು ಹತ್ತುತ್ತಿರಲಿಲ್ಲ, ಬೆಂಗಳೂರಿನವರೇ ಅಲ್ಲಿಗೆ ಕೂಲಿಗೆ ಬರುತ್ತಿದ್ದರು.

ಸೀಟು

ಒಂದು ಕಂಪ್ಯೂಟರಿನ ಬಿಡಿಭಾಗ ತರಲು ಬೆಂಗಳೂರಿಗೆ ಹೊರಟಿದ್ದೆ. ಮಾರಿಕುಪ್ಪಂನಿಂದ ಬರುವ ಬೆಳಗಿನ ಗಾಡಿ. ಕೆಜಿಎಫ್‌ನವರು ಅಲ್ಲೇ ಹತ್ತಿ ಸೀಟು ಹಿಡಿದು ಬಂದಿರುತ್ತಾರೆ. ಬಂಗಾರಪೇಟೆಯಲ್ಲಿ ಹತ್ತುವ ನಮ್ಮಂಥವರಿಗೆ ಕಂಬಿಯೇ ಗತಿ. ಒಬ್ಬ ಹೆಣ್ಣುಮಗಳು ಕಿಟಕಿ ಪಕ್ಕ ಕೂತು, ಮಗ್ಗುಲ ಸೀಟಿನ ಮೇಲೆ ಊಟದ ಚೀಲ ಇಟ್ಟುಕೊಂಡಿದ್ದಳು. ನನ್ನ ಜೊತೆ ಹತ್ತಿದ ಒಬ್ಬ ಕನ್ನಡಕದವನು ಚೀಲ ಸರಿಸಿ ಕೂರಲು ಹೋದ.

"ಅಲೋ! ಕಣ್ಣು ಕಾಣಲ್ವಾ? ಆಳ್ ಇದಾರೆ!"

"ಯಾರೂ ಇಲ್ವಲ್ಲ ಮೇಡಂ..."

"ಮುಂದಿನ ಸ್ಟೇಷನ್ನಲ್ಲಿ ಬತ್ತಾರೆ. ಓಗ್ರೀ ಆಕಡೆ!" ಮೊಣಕೈ ಒಂದು ಬೀಸಿದಳು ನೋಡಿ, ಪಾಪ ಆ ಮನುಷ್ಯ ಬಾಗಿಲ ತನಕ ಹೋಗಿ ನಿಂತ.

ಗಾಡಿ ಹೊರಟಿತು. ಆಕೆ ಫೋನ್ ತೆಗೆದಳು. ನೋಡಿದರೆ ನಮ್ಮದೇ ಗೇಮ್! ನಾನು ಮೇಲಿಂದ ಬಗ್ಗಿ ನೋಡುತ್ತಾ ನಿಂತೆ. ಈ ಹೆಂಗಸು ಇವತ್ತು ಎಷ್ಟು ಹೆಣ ಕೆಡವುತ್ತಾಳೋ ಅಂತ ಎಣಿಸಲು ಸಜ್ಜಾದೆ. ಅವಳ ಕೈಯಲ್ಲಿ ಬಂದೂಕಿತ್ತು, ಎದುರಿಗೆ ಪೊದೆಯಲ್ಲಿ ಬೇರೆ ಗುಂಪಿನವನೊಬ್ಬ ಗಾಯವಾಗಿ ತೆವಳುತ್ತಿದ್ದ. ಒಂದು ಗುಂಡು ಸಾಕಿತ್ತು.

"ಅಯ್ಯೋ ಪಾಪ!" ಅಂದಳು. ಬಂದೂಕು ಬೆನ್ನಿಗೆ ಹಾಕಿಕೊಂಡು ಅವನಿಗೆ ಪಟ್ಟಿ ಕಟ್ಟಿದಳು, ತನ್ನ ಔಷಧಿ ಕುಡಿಸಿದಳು. "ಬನ್ನಿ ಅಣ್ಣಾ, ಒಳಕ್ಕೆ ಬನ್ನಿ. ನಮ್ ಗುಡಿಸ್ಲಲ್ಲಿ ಬೇಕಾದಷ್ಟು ಜಾಗ ಐತೆ. ಸುಮ್ನೆ ಯಾಕೆ ಬಾಗ್ಲಲ್ಲಿ ನಿಂತ್ಕಂತೀರಾ?"

"ತುಂಬಾ ಥ್ಯಾಂಕ್ಸ್ ಮೇಡಂ" ಅಂತ ಅವಳ ಫೋನಿನಿಂದ ದನಿ ಬಂತು. ಅದೇ ಮಾತು, ಅದೇ ಹೊತ್ತಿಗೆ, ರೈಲಿನ ಬಾಗಿಲ ಕಡೆಯಿಂದಲೂ ಬಂತು. ತಿರುಗಿ ನೋಡಿದೆ. ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತ ಕನ್ನಡಕದವನು ಫೋನಿಗೆ ಕೈ ಮುಗಿಯುತ್ತಿದ್ದ.

ನಾನು ಆಕೆಯ ಭುಜ ತಟ್ಟಿದೆ. "ನೋಡಮ್ಮಾ, ನೀನು ಈಗ ಮನೆಯೊಳಗೆ ಕರೆದೆಯಲ್ಲ, ಅವನೇ ಇವನು. ಆಗ ಮೊಣಕೈಯಲ್ಲಿ ತಿವಿದೆಯಲ್ಲ, ಅವನೂ ಇವನೇ."

ಆಕೆ ಅವನನ್ನು ನೋಡಿದಳು, ಫೋನ್ ನೋಡಿದಳು, ಅವನನ್ನು ಇನ್ನೊಮ್ಮೆ ನೋಡಿದಳು. ಕಣ್ಣಲ್ಲಿ ನಿಜವಾಗಿಯೂ ಕನಿಕರ ತುಂಬಿತ್ತು. ಆಮೇಲೆ ಊಟದ ಚೀಲವನ್ನು ಸೀಟಿನ ಮೇಲೆ ಇನ್ನಷ್ಟು ಒತ್ತಿ ಹಿಡಿದು ಹೇಳಿದಳು:

"ಅದು ಗೇಮು ಅಕ್ಕಾ. ಇದು ಸೀಟು."

ಕೆಳಗಿನ ಕಾನೂನು

ಮಾರಿಕುಪ್ಪಂನ ತಾತ ಒಬ್ಬರು ನನ್ನ ಗಿರಾಕಿ. ಚಿನ್ನದ ಗಣಿಯಲ್ಲಿ ದುಡಿದವರು, ಗಣಿ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದವರು. ಆಸ್ಪತ್ರೆಗೋ ಸಂತೆಗೋ ಬಂಗಾರಪೇಟೆಗೆ ಬಂದಾಗ ನನ್ನಲ್ಲಿ ಒಂದಿಷ್ಟು ಹೊತ್ತು ಆಡುತ್ತಾರೆ. ಆಡುವುದು ಅಂದರೆ ಏನಿಲ್ಲ, ಗೇಮಿನ ಗಣಿಗೆ ಇಳಿದು ಅಗೆಯುತ್ತಾರೆ. ಕಾಡು ಬೇಡ, ಸಂತೆ ಬೇಡ.

ಅಗೆದ ಚಿನ್ನ ಕಸಿಯಲು ಕಳ್ಳರು ಗಣಿಯೊಳಗೇ ಬರುತ್ತಾರೆ. ಒಂದು ದಿನ ಮುಖಕ್ಕೆ ಬಟ್ಟೆ ಕಟ್ಟಿದವನೊಬ್ಬ ಚೂರಿ ಹಿಡಿದು ಇಳಿದ. ತಾತನ ಕೈಯಲ್ಲಿ ಹಾರೆ ಇತ್ತು. ತಾತ ಹಾರೆ ಗೋಡೆಗೆ ಒರಗಿಸಿ, ತಮ್ಮ ದೀಪವನ್ನು ಅವನ ಕಡೆ ಸರಿಸಿದರು.

"ವಾ ತಂಬಿ. ದೀಪ ಇಲ್ದೆ ಯಾಕೆ ಬಂದೆ? ಕಲ್ಲು ಸಡಿಲ ಇದೆ, ನೋಡ್ಕೊಂಡು ನಿಲ್ಲು."

ಕಳ್ಳ ತಬ್ಬಿಬ್ಬಾದ. ನಾನೂ ತಬ್ಬಿಬ್ಬಾದೆ. "ತಾತಾ, ಅವನು ಕಳ್ಳ! ಹಾರೆ ತಗೊಂಡು ಒಂದು ಬಿಡಿ" ಅಂದೆ.

"ತಪ್ಪಮ್ಮಾ. ಮೇಲಿನ ಜಗಳ ಮೇಲೇನೇ ಇರ್ಬೇಕು. ಕೀಳೆ, ಗಣಿ ಒಳಗೆ ಇಳಿದ್ರೆ ಎಲ್ಲಾ ಅಣ್ಣ ತಂಬಿ. ನನಗೂ ನಮ್ಮ ಪಕ್ಕದ ಮನೆಯವನಿಗೂ ಮೇಲೆ ಮಾತಿಲ್ಲ, ಅವನ ನಾಯಿಗೂ ನನಗೂ ಮಾತಿಲ್ಲ. ಆದ್ರೆ ಕೆಳಗೆ ಒಂದೇ ಊಟದ ಡಬ್ಬೀಲಿ ಸಾದಂ ತಿಂತಾ ಇದ್ವಿ. ಅಲ್ಲಿ ಕಲ್ಲು ಬಿದ್ರೆ ಎತ್ತೋದು ಯಾರು? ಅವನೇ ತಾನೆ?"

ನನ್ನ ಮೈ ಜುಮ್ಮೆಂದಿತು. ಸುಳ್ಳು ಯಾಕೆ, ಕಣ್ಣೂ ಒದ್ದೆಯಾಯಿತು. ನಿಜವಾದ ಗಣಿಯೇ ಮುಚ್ಚಿಹೋಗಿದೆ, ಅದರ ಕಾನೂನನ್ನು ಈ ಮನುಷ್ಯ ಗೇಮಿನ ಗಣಿಯಲ್ಲೂ ಬಿಡದೆ ನಡೆಸುತ್ತಿದ್ದಾರೆ! ನಾನು ಕಂಡ ದೊಡ್ಡ ಮನುಷ್ಯರಲ್ಲಿ ಅವರೊಬ್ಬರು.

ಕಳ್ಳ ಚೂರಿ ಹಿಡಿದೇ ಅಷ್ಟು ಹೊತ್ತು ನಿಂತಿದ್ದ. ತಾತ ಅಗೆಯುತ್ತಲೇ ಇದ್ದರು. ಕೊನೆಗೆ ಅವನ ದನಿ ಮೆಲ್ಲಗೆ ಬಂತು.

"ತಾತಾ, ನಾನೂ ಕೆಜಿಎಫ್‌ನವನೇ. ಇಲ್ಲೇನಾದ್ರೂ ಕೆಲಸ ಖಾಲಿ ಇದ್ಯಾ?"

ತಾತನ ಎದೆ ಉಬ್ಬಿತು. ನನ್ನ ಕಡೆ ತಿರುಗಿ, "ನೋಡಮ್ಮಾ! ಗಣಿ ಮುಚ್ಚಿದ ಮೇಲೆ ನನ್ನ ಹತ್ತಿರ ಕೆಲಸ ಕೇಳ್ಕೊಂಡು ಬಂದ ಮೊದಲ್ನೇ ಮನುಷ್ಯ ಇವನೇ" ಅಂದು, ಅವನಿಗೆ ಗಂಭೀರವಾಗಿ ಹೇಳಿದರು: "ಇದೆ ತಂಬಿ. ಆದ್ರೆ ಚೂರಿ ಮೇಲಿಟ್ಟು ಬಾ. ನಾಳೆ ಲೇಟಾಗಿ ಬಂದ್ರೆ ಒಳಗೆ ಬಿಡಲ್ಲ."

ಒಂದೇ ಒಂದು ಏಟು

ಮಾಲೀಕರಿಗೆ ಹೇಳದೆ ಮುಚ್ಚಿಟ್ಟ ಸಂಗತಿ ಒಂದಿದೆ. ನಮ್ಮಲ್ಲಿ ಒಬ್ಬ ಒಂದು ಸಲ ಹೊಡೆದಿದ್ದ.

ಅವನು ಪಾನಿಪೂರಿ ಗಾಡಿಯವನು. ನಮ್ಮೂರಿನ ಪಾನಿಪೂರಿ ನೀರು ನೋಡಲು ಬಾವಿ ನೀರಿನಷ್ಟು ತಿಳಿ, ಬಾಯಿಗೆ ಬಿದ್ದರೆ ಬೆಂಕಿ. ಈ ಮನುಷ್ಯ ನೋಡಲು ಸಾಧು, ಒಳಗೂ ಸಾಧುವೇ. ನಾನು ಪೀಡಿಸಿದ್ದಕ್ಕೆ ಕಣ್ಣು ಮುಚ್ಚಿಕೊಂಡು ಒಬ್ಬನ ಮೇಲೆ ಕತ್ತಿ ಬೀಸಿದ. ಆ ಮನುಷ್ಯ ಬಿದ್ದ. ಇವನು ಕುರ್ಚಿಯಿಂದ ಎದ್ದುಬಿಟ್ಟ. ಬೆವರೋ ಬೆವರು.

"ಯಾರ್ ಪಡೆದ ಮಗನೋ ಅಕ್ಕಾ, ನಿನ್ ಮಾತ್ ಕೇಳಿ ಇಂಥಾ ಕೆಲ್ಸ ಮಾಡ್ಬಿಟ್ಟೆ" ಅಂದು, ಮೈಕಿನಲ್ಲಿ ಬಿದ್ದವನ ಹತ್ತಿರ ಕ್ಷಮೆ ಕೇಳಿದ. ಅಷ್ಟಕ್ಕೇ ನಿಲ್ಲಿಸಿದನೇ? "ಬಂಗಾರಪೇಟೆಗೆ ಬಂದ್ರೆ ನನ್ ಗಾಡಿ ಹತ್ರ ಬನ್ನಿ, ಹೊಟ್ಟೆ ತುಂಬಾ ತಿನ್ನುಸ್ತೀನಿ, ಒಂದ್ ಪೈಸಾ ಕೊಡ್ಬೇಡಿ" ಅಂದ.

ಸತ್ತವನು ಮಾಲೂರಿನವನು. ಮಾರನೇ ದಿನವೇ ರೈಲು ಹತ್ತಿ ಬಂದು ತಿಂದು ಹೋದ. ತಿಂದವನು ಸುಮ್ಮನಿರದೆ ನಾಲ್ಕು ಜನಕ್ಕೆ ಹೇಳಿದ. ಈಗ ಆ ನಾಡಿನಲ್ಲಿ ಪಾನಿಪೂರಿಯವನು ಕತ್ತಿ ಹಿಡಿದು ಬಂದರೆ ಯಾರೂ ಓಡುವುದಿಲ್ಲ. ಕ್ಯೂ ನಿಂತು ಕತ್ತು ಚಾಚುತ್ತಾರೆ.

ಭಾನುವಾರದ ಪಂದ್ಯ

ಆ ಭಾನುವಾರ ಬಂದೇ ಬಂತು. ಮಧ್ಯಾಹ್ನ ಮಾಲೀಕರು ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲಿ ಹೊಸ ಬೀಗ ಹಿಡಿದೇ ಇಳಿದು ಬಂದರು. ನಡುವೆ ಕುರ್ಚಿ ಹಾಕಿಸಿಕೊಂಡು ಬೀಗವನ್ನು ತೊಡೆಯ ಮೇಲಿಟ್ಟುಕೊಂಡರು.

ಪಂದ್ಯದ ನಿಯಮ ಸುಲಭ. ಎಲ್ಲರನ್ನೂ ಒಂದು ಬಯಲಿನಲ್ಲಿ ಬಿಡುತ್ತಾರೆ. ನಾಲ್ಕೂ ಕಡೆಯಿಂದ ವಿಷದ ಹೊಗೆ ಮುಚ್ಚಿಕೊಂಡು ಬರುತ್ತದೆ. ಹೊಗೆ ಮುಟ್ಟಿದರೂ ಸಾವು, ಹೊಡೆತ ಬಿದ್ದರೂ ಸಾವು. ಕೊನೆಗೆ ಉಳಿದವರಿಗೆ ಬಹುಮಾನ. ಬಹುಮಾನ ಅಂತ ನಾನೇ ನನ್ನ ದಡ್ಡತನಕ್ಕೆ ಒಂದು ದೊಡ್ಡ ಪ್ರೆಶರ್ ಕುಕ್ಕರ್ ತಂದು ಮೇಜಿನ ಮೇಲೆ ಇಟ್ಟಿದ್ದೆ.

ಕೆಜಿಎಫ್ ಕಡೆಯಿಂದ ಬಂದವರಲ್ಲಿ ರೈಲಿನ ಆ ಸೀಟಿನ ಹೆಣ್ಣುಮಗಳೂ ಇದ್ದಳು. ಆವತ್ತಿನ ಪರಿಚಯದಿಂದ ಆಕೆ ಭಾನುವಾರಗಳಲ್ಲಿ ನನ್ನ ಸೆಂಟರ್‌ಗೆ ಬರುತ್ತಿದ್ದಳು. ಒಳಗೆ ಬಂದವಳೇ ಕುಕ್ಕರಿನ ಮುಚ್ಚಳ ತೆಗೆದು, ತಳ ತಟ್ಟಿ ನೋಡಿದಳು. ಗೇಮು ಬೇರೆ, ಸೀಟು ಬೇರೆ ಅಂದವಳು ಇವಳು. ಕುಕ್ಕರು ಯಾವುದರ ಜಾತಿ? ಸೀಟಿನ ಜಾತಿ!

ಆಟ ಶುರುವಾಯಿತು. ಮಾಲೀಕರು ಒಂದೊಂದು ಪರದೆಯನ್ನೂ ಟಿಕೆಟ್ ಪರೀಕ್ಷೆ ಮಾಡುವವರಂತೆ ನೋಡುತ್ತಾ ಬಂದರು. ಜನ ಸಾಯುತ್ತಿದ್ದರು ನಿಜ, ಆದರೆ ಯಾರೂ ಯಾರ ಕೈಯಲ್ಲೂ ಸಾಯುತ್ತಿರಲಿಲ್ಲ. ಪಾನಿಪೂರಿಯವನಿಗೆ ಕರಡಿ ಹೊಡೆಯಿತು. ಪಂದ್ಯಕ್ಕೆ ಬಂದಿದ್ದ ರೈಲಿನ ಕನ್ನಡಕದವನು ಬಾವಿಗೆ ಬಿದ್ದ. ಅವನನ್ನು ಎತ್ತಲು ಇಳಿದ ಮಾರಿಕುಪ್ಪಂ ತಾತ ಅಲ್ಲೇ ಉಳಿದರು. ಒಂದಿಷ್ಟು ಜನ "ನೀವು ಮುಂದೆ ಹೋಗಿ", "ಇಲ್ಲ ನೀವು ಹೋಗಿ" ಅಂತ ಸೇತುವೆಯ ಮೇಲೆ ನಿಂತಿರುವಾಗಲೇ ಹೊಗೆ ಬಂತು. ಮಾಲೀಕರ ಹುಬ್ಬು ಮೇಲೇರುತ್ತಾ ಹೋಯಿತು.

ಕೊನೆಗೆ ಇಬ್ಬರು ಉಳಿದರು. ಒಬ್ಬ ನಮ್ಮ ಬೂದಿಕೋಟೆ ಹಾಲಿನವನು, ಇನ್ನೊಬ್ಬಳು ಸೀಟಿನವಳು. ರೂಮಿನಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತಿದ್ದರು. ಅದುವರೆಗೆ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಗೇಮಿನ ಬಯಲಿನಲ್ಲಿ ಎದುರುಬದುರಾದರು. ಆಕೆ ಬಂದೂಕು ಎತ್ತಿದಳು. ಮಾಲೀಕರು ಬೀಗ ಹಿಡಿದು ಎದ್ದು ನಿಂತರು. ನಾನು ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆದೆ.

"ಬೇಜಾರು ಮಾಡ್ಕಬೇಡಿ ಅಣ್ಣಾ" ಅಂದಳು ಆಕೆ. "ನಮ್ಮನೇಲಿ ಕುಕ್ಕರ್ ಕೆಟ್ಟೋಗೈತೆ."

ಗುಂಡಿನ ಸದ್ದು ಬರಲಿಲ್ಲ. ಕಣ್ಣು ಬಿಟ್ಟೆ. ಹಾಲಿನವನು ಕತ್ತಿಯನ್ನು ನೆಲಕ್ಕೆ ಹಾಕಿದ್ದ.

"ಅಣ್ಣ ಅಂದ್ಯಾ ತಾಯಿ? ಅಂಗಾದ್ರೆ ಮುಗೀತು. ಹಬ್ಬ ಬೇರೆ ಬತ್ತಾ ಐತೆ, ಬರಿಗೈಲಿ ಎಂಗ್ ಕಳಿಸ್ಲಿ?" ಅಂದು ಚೀಲ ಬಿಚ್ಚಿದ. ಔಷಧಿ, ಬೆಲ್ಲ, ಕಂಬಳಿ, ಚಿನ್ನದ ತುಣುಕು ಎಲ್ಲ ಆಕೆಯ ಕಾಲ ಬಳಿ ಸುರಿದ. "ತಗೋ. ತವರಿನೋರು ಕೊಟ್ರು ಅನ್ಕೋ."

ಆಕೆಯ ಬಂದೂಕು ಕೆಳಗಿಳಿಯಿತು. "ನಂಗೆ ಒಡಹುಟ್ಟಿದೋರು ಯಾರೂ ಇಲ್ಲಣ್ಣಾ."

ಕುಕ್ಕರ್ ಮುಂದೆ ಸೋಲದ ಮನುಷ್ಯರೂ ಇದ್ದಾರೆ, ಆ ಹೊತ್ತು ನಾನು ಅದನ್ನು ನೋಡಿದೆ. ನಾನಾಗಿದ್ದರೆ ಹೊಡೆದಿರುತ್ತಿದ್ದೆ.

"ಅತ್ತಿಗೆಗೆ ಏನೂ ಕೊಡ್ದೆ ಎಂಗೆ ಓಗ್ಲಿ?" ಅಂತ ಆಕೆಯೂ ಚೀಲ ಬಿಚ್ಚಿದಳು. ಅವನು ಬೇಡವೆಂದ, ಇವಳು ತಗೋ ಎಂದಳು. ಅವನು ಅರ್ಧ ವಾಪಸ್ ಇಟ್ಟ, ಇವಳು ಅದಕ್ಕೆ ಇನ್ನಷ್ಟು ಸೇರಿಸಿದಳು. ಹೊಗೆ ಹತ್ತಿರ ಹತ್ತಿರ ಬರುತ್ತಿತ್ತು.

ಮಾಲೀಕರು ಮತ್ತೆ ಕೂತು ಕುರ್ಚಿಯ ತುದಿಗೆ ಬಂದಿದ್ದರು. "ಹೊಗೆ ಬಂತಮ್ಮಾ" ಅಂದರು ಮೊದಲು ಮೆಲ್ಲಗೆ. ಆಮೇಲೆ, "ಇಬ್ಬರೂ ಹೋಗ್ತೀರಲ್ರೀ!" ಅಂದರು. ಆಮೇಲೆ ಕುರ್ಚಿಯ ಮೇಲೆಯೇ ಹತ್ತಿ ನಿಂತರು. ಜೀವಮಾನವೆಲ್ಲ ಹಸಿರು ಬಾವುಟ ಬೀಸಿ ಗಾಡಿ ಬಿಟ್ಟ ಮನುಷ್ಯನಿಗೆ ನಿಂತ ಗಾಡಿ ಕಂಡರೆ ಆಗುವುದಿಲ್ಲ.

"ಹೊಡಿಯಮ್ಮಾ! ಲೋ ಹಾಲಿನವನೇ, ನೀನಾದ್ರೂ ಹೊಡಿಯೋ! ಯಾರಾದ್ರೂ ಒಬ್ಬರು ಉಳೀರೋ! ಕೊಲ್ಲು! ಬೇಗ ಕೊಲ್ಲು!"

ಆ ದನಿ ಸ್ಟೇಷನ್ ತನಕ ಕೇಳಿರಬೇಕು. ಹೊಗೆ ಬಂದು ಅಣ್ಣ ತಂಗಿ ಇಬ್ಬರನ್ನೂ, ಉಡುಗೊರೆಯ ಸಮೇತ, ನುಂಗಿಹಾಕಿತು. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮಾಲೀಕರ ಹೆಂಡತಿ, ಕೈಯೆಲ್ಲ ಕಡಲೆಹಿಟ್ಟು, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದರು.

"ಯಾರದು ಕೊಲ್ಲು ಕೊಲ್ಲು ಅಂದಿದ್ದು? ಇಷ್ಟು ದಿನ ಇಲ್ಲಿ ಸತ್ತೆ ಅನ್ನೋರನ್ನ ಕೇಳಿದೀನಿ, ಕೊಲ್ಲು ಅನ್ನೋರನ್ನ ಇವತ್ತೇ ಕೇಳಿದ್ದು!"

ಎಲ್ಲರೂ ಕುರ್ಚಿಯ ಮೇಲೆ ನಿಂತವರನ್ನು ನೋಡಿದೆವು. ಮಾಲೀಕರು ಬೀಗ ಎದೆಗೆ ಅವುಚಿಕೊಂಡು, ಅಳುವ ದನಿಯಲ್ಲಿ ಹೆಂಡತಿಗೆ ದೂರು ಹೇಳಿದರು:

"ಏನ್ ಜನಾನೇ ಇವರು! ಊಟ ಆದಾಗಿನಿಂದ ಕೂತಿದೀನಿ ಕಣೇ, ಒಬ್ಬನಾದ್ರೂ ಒಬ್ಬನ್ನ ಹೊಡೀಲಿಲ್ಲ!"

ಆ ತಾಯಿ ಹತ್ತಿರ ಬಂದು, ಹಿಟ್ಟಿನ ಕೈಯಲ್ಲೇ ಬೀಗ ಕಿತ್ತುಕೊಂಡರು. ನನ್ನ ಕಡೆ ತಿರುಗಿ, "ನೀನು ಅಂಗಡಿ ನಡ್ಸಮ್ಮಾ. ಈ ಬೀಗ ಇವರ ಬಾಯಿಗೆ ಬೇಕು" ಅಂದು, ಗಂಡನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಹೋದರು.